ಅಟ್ಟದ ಮೇಲಿನ ವಿಡಿಯೋ ಕ್ಯಾಸೆಟ್‌ಗಳನ್ನ ಚಿಕ್ಕ ಕ್ಯಾಪ್ಚರ್ ಡಬ್ಬಿಯಲ್ಲಿ ಕಾಪಿ ಮಾಡ್ಕೊಳ್ಳೋದು ಹೇಗೆ

ನಮ್ಮಜ್ಜಿ ಮನೆ ಸಕಲೇಶಪುರದಿಂದ ಇನ್ನೂ ಮೇಲಕ್ಕೆ ಹೋಗ್ಬೇಕು, ಕಾಫಿ ತೋಟದ ಮಧ್ಯೆ ಹಳೇ ಹೆಂಚಿನ ಮನೆ. ಅಲ್ಲಿ ಅಟ್ಟದ ಮೇಲೆ ಒಂದು ಕಬ್ಬಿಣದ ಟ್ರಂಕಲ್ಲಿ 23 ವಿಡಿಯೋ ಕ್ಯಾಸೆಟ್ ಇದ್ವು. ಚಿಕ್ಕಪ್ಪನ ಮದುವೆ, ಅತ್ತೆ ಮಗಳ ನಾಮಕರಣ, ಹೊಸ ಕಣ ಮಾಡಿಸಿದಾಗ ಮಾಡಿದ ಪೂಜೆ, 1993ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಮನೆಯವರೆಲ್ಲಾ ಹೋಗಿದ್ದು, ಹೀಗೆ. ತಾತ ಮಾತಾಡೋದು ಕೇಳಿಸೋ ಜಾಗ ಈಗ ಆ ಕ್ಯಾಸೆಟ್‌ಗಳಲ್ಲಿ ಬಿಟ್ರೆ ಬೇರೆಲ್ಲೂ ಇಲ್ಲ. ಅವನ್ನೆಲ್ಲ ಹಾಸನಕ್ಕೆ ತಂದು, ತೀರಾ ಬೂಷ್ಟು ಹಿಡಿದ ನಾಲ್ಕನ್ನ ಬಿಟ್ಟು ಉಳಿದಿದ್ದನ್ನ ಒಂದೊಂದಾಗಿ ಕಂಪ್ಯೂಟರ್‌ಗೆ ಹಾಕ್ಕೊಂಡೆ, ಈಗ ನೆಂಟರು ಸ್ನೇಹಿತರು ಎಲ್ಲಾ ಹೇಗೆ ಮಾಡಿದೆ ಅಂತ ಕೇಳ್ತಿದಾರೆ, ಅದಕ್ಕೇ ಗೊತ್ತಿರೋದಷ್ಟನ್ನೂ ಒಂದೇ ಕಡೆ ಬರೆದುಬಿಡ್ತೀನಿ.

ಮೊದಲೇ ಒಂದು ಮಾತು. ಎಲ್ಲರೂ ಯಾವ ಕ್ಯಾಪ್ಚರ್ ಡಬ್ಬಿ, ಅಂದ್ರೆ ಕ್ಯಾಸೆಟ್ಟಿನ ಚಿತ್ರ ಸೌಂಡನ್ನ ಡಿಜಿಟಲ್ ಫೈಲ್ ಮಾಡೋ ಚಿಕ್ಕ ಪೆಟ್ಟಿಗೆ, ತಗೊಳ್ಳೋದು ಅಂತಾನೇ ಮೊದಲು ಕೇಳ್ತಾರೆ. ಆದ್ರೆ ಈ ಕೆಲಸದಲ್ಲಿ ತುಂಬಾ ಸುಲಭವಾದ ಭಾಗ ಅಂದ್ರೆ ಆ ಡಬ್ಬೀನೇ, ಕೆಂಪು ಬಟನ್ ಒತ್ತಿದ್ರೆ ಆಯ್ತು. ಕಷ್ಟ ಇರೋದು ಕ್ಯಾಸೆಟ್ ಮತ್ತೆ ಪ್ಲೇಯರ್‌ನಲ್ಲಿ. ಮೂವತ್ತು ವರ್ಷ ಮಲೆನಾಡಿನ ಮಳೆ ಕಂಡಿರೋ ಕ್ಯಾಸೆಟ್ಟು ಸರಿಯಾಗಿ ಓಡೋದು ಒಂದೇ ಸಲ ಇರಬಹುದು, ಆ ಒಂದು ಸಲಕ್ಕೆ ಎಲ್ಲಾ ರೆಡಿ ಮಾಡ್ಕೊಂಡು ಕೂತ್ಕೋಬೇಕು ಅಷ್ಟೆ.

ಮೊದಲು ಕ್ಯಾಸೆಟ್ ನೋಡಿ

ಕ್ಯಾಸೆಟ್ ಕೈಗೆ ಸಿಕ್ಕಿದ ತಕ್ಷಣ ಪ್ಲೇಯರ್‌ಗೆ ತುರುಕ್ಬೇಡಿ, ದಯವಿಟ್ಟು. ನಾನು ಮೊದಲನೇ ಕ್ಯಾಸೆಟ್‌ನಲ್ಲಿ ಅದೇ ತಪ್ಪು ಮಾಡಿದೆ, ಉತ್ಸಾಹ ತಡೀಲಿಲ್ಲ. ಹತ್ತು ನಿಮಿಷ ಚೆನ್ನಾಗಿ ಓಡ್ತು, ಆಮೇಲೆ ಚಿತ್ರ ಪೂರ್ತಿ ಚುಕ್ಕೆ ಚುಕ್ಕೆ ಆಯ್ತು, ಟೇಪು ಒಳಗೆ ಸುತ್ತಿಕೊಂಡು ನಿಂತೇ ಹೋಯ್ತು. ಬಿಚ್ಚಿ ನೋಡಿದ್ರೆ ಟೇಪನ್ನ ಓದೋ ಹೆಡ್ ಮೇಲೆಲ್ಲಾ ಬಿಳೀ ಪುಡಿ. ಅದು ಬೂಷ್ಟು. ಮದುವೆಯ ಧಾರೆ ಭಾಗದಲ್ಲಿ ಒಂದೂವರೆ ನಿಮಿಷದಷ್ಟು ಟೇಪು ಮುದುಡಿ ಹೋಗಿತ್ತು, ಅದು ವಾಪಸ್ ಬರಲಿಲ್ಲ. ಇವತ್ತಿಗೂ ಬೇಜಾರಿದೆ.

ಹಾಗಾಗಿ ಒಂದು ಟಾರ್ಚ್ ಹಿಡ್ಕೊಳ್ಳಿ, ಕ್ಯಾಸೆಟ್ಟಿನ ಕಿಟಕಿ ಇದೆಯಲ್ಲ, ಅದರಲ್ಲಿ ಓರೆಯಾಗಿ ಬೆಳಕು ಬಿಟ್ಟು ಸುತ್ತಿರೋ ರೀಲಿನ ಅಂಚು ನೋಡಿ. ಅದು ನಯವಾಗಿ ಕಪ್ಪಗೆ ಹೊಳೀತಾ ಇದ್ರೆ ಒಳ್ಳೇದು. ಅದರ ಮೇಲೆ ಬೂದಿ ಉದುರಿದ ಹಾಗೆ ಅಥವಾ ಜೇಡರ ಬಲೆ ಥರ ಬಿಳೀ ಗುರುತು ಇದ್ರೆ ಬೂಷ್ಟು ಹಿಡಿದಿದೆ ಅಂತಾನೇ ಅರ್ಥ. ಆಮೇಲೆ ಮುಂದಿನ ಮುಚ್ಚಳ ಎತ್ತಿ ನೋಡಿ, ಪಕ್ಕದಲ್ಲಿ ಒಂದು ಚಿಕ್ಕ ಬಟನ್ ಇರತ್ತೆ, ಅದನ್ನ ಒತ್ತಿದ್ರೆ ಮುಚ್ಚಳ ಏಳತ್ತೆ. ಟೇಪಿಗೆ ಬೆರಳು ತಾಗಿಸ್ಬೇಡಿ, ಕೈಯ ಜಿಡ್ಡು ಹಾಗೇ ಅಂಟ್ಕೊಳತ್ತೆ. ವಾಸನೆನೂ ನೋಡಿ, ಮುಗ್ಗಲು ವಾಸನೆ ಬಂದ್ರೆ ಅನುಮಾನ ಇಟ್ಕೊಳ್ಳಿ.

ಬೂಷ್ಟು ಇರೋ ಕ್ಯಾಸೆಟ್‌ನ ಬೇರೆ ಇಡಿ, ಬೇರೇದರ ಜೊತೆ ಸೇರಿಸ್ಬೇಡಿ. ಒಂದು ಬೂಷ್ಟು ಹಿಡಿದ ಕ್ಯಾಸೆಟ್ ಓಡಿಸಿದ ಪ್ಲೇಯರ್‌ನಲ್ಲಿ ಕ್ಲೀನ್ ಮಾಡದೆ ಇನ್ನೊಂದು ಹಾಕಿದ್ರೆ ಆ ಇನ್ನೊಂದಕ್ಕೂ ಹಿಡಿಯತ್ತೆ. ಕ್ಲೀನ್ ಮಾಡೋವಾಗ ಮಾಸ್ಕ್ ಹಾಕ್ಕೊಂಡು, ಮನೆ ಹೊರಗೆ ಜಗಲೀಲೋ ಎಲ್ಲೋ ಕೂತ್ಕೊಂಡು ಮಾಡಿ, ಆ ಪುಡಿ ಮೂಗಿಗೆ ಹೋದ್ರೆ ಒಳ್ಳೇದಲ್ಲ, ಉಬ್ಬಸ ಇರೋರಂತೂ ಮುಟ್ಟಲೇಬಾರದು.

ಈಗ ಒಣಗಿಸೋದು. ಇಲ್ಲಿ ಜಾಗದ ವಿಷಯ ಬರತ್ತೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ ಈ ಕಡೆಯೆಲ್ಲಾ ಜೂನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆನೇ ಒಣಗಲ್ಲ, ಕ್ಯಾಸೆಟ್ ಎಲ್ಲಿಂದ ಒಣಗತ್ತೆ. ಹಾಸನ ಅದಕ್ಕೆ ಹೋಲಿಸಿದ್ರೆ ಎಷ್ಟೋ ಮೇಲು, ಅರಸೀಕೆರೆ ಕಡೂರು ಕಡೆ ಇನ್ನೂ ಒಣ ಹವೆ. ನಾನು ಎಲ್ಲಾನೂ ಹಾಸನಕ್ಕೆ ತಂದು ಜನವರಿಯಿಂದ ಮಾರ್ಚ್ ಒಳಗೆ ಮುಗಿಸಿದೆ. ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಗಾಳಿ ಆಡದ ಹಾಗೆ ಮುಚ್ಚಳ ಇರೋದು, ಅದರಲ್ಲಿ ಸಿಲಿಕಾ ಜೆಲ್ ಹಾಕಿ ಕ್ಯಾಸೆಟ್ ನಿಲ್ಲಿಸಿ ಎರಡು ವಾರ ಇಟ್ಟೆ. ಬಣ್ಣ ಬದಲಾಗೋ ಜೆಲ್ ತಗೊಂಡ್ರೆ ನೀರು ಎಳ್ಕೊಂಡಿದ್ಯಾ ಇಲ್ವಾ ಅಂತ ನೋಡಿದ ಕೂಡ್ಲೇ ಗೊತ್ತಾಗತ್ತೆ. ಕೆಲವರು ಅಕ್ಕಿಯಲ್ಲಿ ಹೂತಿಡಿ ಅಂತಾರೆ, ಬೇಡ, ಅಕ್ಕಿಯ ಧೂಳು ಒಳಗೆ ಹೋಗತ್ತೆ. ಬಿಸಿಲಿಗೆ ಇಡೋದೂ ಬೇಡ, ಒಲೆ ಮೇಲಿನ ಅಟ್ಟದಲ್ಲಂತೂ ಬೇಡವೇ ಬೇಡ, ಟೇಪು ಪ್ಲಾಸ್ಟಿಕ್ಕು, ಬಿಸಿಗೆ ಸೊಟ್ಟ ಆಗತ್ತೆ, ಹೊಗೆಯ ಜಿಡ್ಡು ಬೇರೆ.

ಒಣಗಿದ ಮೇಲೆ ಬೂಷ್ಟು ಪುಡಿಪುಡಿ ಆಗತ್ತೆ, ಆಗ ತೆಗೆಯೋದು ಸುಲಭ. ವಿಎಚ್‌ಎಸ್, ಅಂದ್ರೆ ಮನೆಗಳಲ್ಲಿ ಇರ್ತಿದ್ದ ಮಾಮೂಲಿ ದೊಡ್ಡ ವಿಡಿಯೋ ಕ್ಯಾಸೆಟ್ಟು, ಅದಕ್ಕೆ ಹಿಂದುಗಡೆ ಐದು ಸ್ಕ್ರೂ ಇರತ್ತೆ, ಬಿಚ್ಚೋ ಮುಂಚೆ ಮೊಬೈಲ್‌ನಲ್ಲಿ ಫೋಟೋ ತಗೊಳ್ಳಿ, ಬಿಚ್ಚಿದ ಮೇಲೂ ತಗೊಳ್ಳಿ, ಯಾವ ಚಿಕ್ಕ ರೋಲರ್ ಎಲ್ಲಿತ್ತು ಅಂತ ಆಮೇಲೆ ನೆನಪಿರಲ್ಲ. ಅಂಚಿನ ಬೂಷ್ಟನ್ನ ನಾರು ಬಿಡದ ಬಟ್ಟೆಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ (ಬೇಗ ಆರಿಹೋಗೋ ಕ್ಲೀನಿಂಗ್ ದ್ರವ) ಹಾಕಿ ಮೆಲ್ಲಗೆ ಒರೆಸ್ಬೇಕು. ಆಮೇಲೆ ಹಳೇ ಸಿನಿಮಾ ಕ್ಯಾಸೆಟ್ ಯಾವುದಾದ್ರೂ ಬೇಡವಾಗಿದ್ರೆ ಅದರ ಕ್ಲೀನ್ ಇರೋ ಚಿಪ್ಪಿಗೆ ಈ ರೀಲು ಎರಡನ್ನೂ ಎತ್ತಿ ಕೂರಿಸಿ. ಟೇಪು ಒಟ್ಟು 250 ಮೀಟರ್‌ಗೂ ಜಾಸ್ತಿ ಉದ್ದ ಇರತ್ತೆ ಮೂರು ಗಂಟೆಯ ಕ್ಯಾಸೆಟ್‌ನಲ್ಲಿ, ಪೂರ್ತಿ ಉದ್ದಕ್ಕೂ ಬೂಷ್ಟು ಒಳಗೆ ಹೋಗಿದ್ರೆ ಮನೇಲಿ ಆಗೋ ಕೆಲಸ ಅಲ್ಲ, ಟೇಪ್ ಕ್ಲೀನಿಂಗ್ ಮೆಶಿನ್ ಇಟ್ಕೊಂಡಿರೋರ ಹತ್ರ ಕಳಿಸಿ. ನನ್ನ 23ರಲ್ಲಿ ನಾಲ್ಕು ಹಾಗೆ ಇವೆ, ಇನ್ನೂ ಮುಟ್ಟಿಲ್ಲ.

ಟೇಪ್ ತುಂಡಾಗಿದ್ರೆ ಸೆಲೋಟೇಪ್ ಅಂಟಿಸ್ಬೇಡಿ, ಅದರ ಗೋಂದು ಹೊರಗೆ ಹರಿದು ಹೆಡ್‌ಗೆ ಮೆತ್ಕೊಳತ್ತೆ. ಅದಕ್ಕಂತಾನೇ ಸ್ಪ್ಲೈಸಿಂಗ್ ಟೇಪ್ ಬರತ್ತೆ, ಅದನ್ನ ಹಿಂಬದಿಗೆ ಮಾತ್ರ ಹಾಕ್ಬೇಕು. ಇನ್ನೊಂದು ಚಿಕ್ಕ ಕೆಲಸ, ಕ್ಯಾಸೆಟ್ಟಿನ ಬೆನ್ನಿನ ಅಂಚಲ್ಲಿ ಎಡಗಡೆ ಒಂದು ಪ್ಲಾಸ್ಟಿಕ್ ಹಲ್ಲು ಇರತ್ತಲ್ಲ, ಅದು ಇನ್ನೂ ಇದ್ರೆ ಮುರಿದುಬಿಡಿ. ಅದು ಹೋದ ಮೇಲೆ ಯಾರಾದ್ರೂ ಮರೆತು ರೆಕಾರ್ಡ್ ಒತ್ತಿದ್ರೂ ಅಳಿಸಲ್ಲ.

ಪ್ಲೇಯರ್ ಹುಡುಕೋದು

ಹೊಸ ವಿಸಿಆರ್, ಅಂದ್ರೆ ಕ್ಯಾಸೆಟ್ ಓಡಿಸೋ ರೆಕಾರ್ಡ್ ಮಾಡೋ ಪ್ಲೇಯರ್, ಈಗ ಯಾರೂ ಮಾಡಲ್ಲ, ಕೊನೇ ಕಂಪನಿ ಜಪಾನಿನ ಫುನಾಯ್, ಅವರೂ 2016ರ ಜುಲೈಯಲ್ಲಿ ನಿಲ್ಲಿಸಿದ್ರು. ಹಾಗಾಗಿ ಹಳೇದೇ ಗತಿ. ನೆಂಟರ ಮನೆಗಳಲ್ಲಿ ಕೇಳಿ, ಶೋಕೇಸ್ ಕೆಳಗಿನ ಬೀರುವಲ್ಲಿ ಬಟ್ಟೆ ಸುತ್ತಿ ಇಟ್ಟಿರ್ತಾರೆ. ಟಿವಿ ರಿಪೇರಿ ಅಂಗಡಿಗಳಲ್ಲಿ, ಮುಂಚೆ ವಿಡಿಯೋ ಲೈಬ್ರರಿ ಇಟ್ಟಿದ್ದೋರ ಹತ್ರ ಕೇಳಿ. ನಂಗೆ ಸಿಕ್ಕಿದ್ದು ಪರಿಚಯದ ಒಬ್ಬ ಮೆಕ್ಯಾನಿಕ್ ಹತ್ರ, ಬೆಲ್ಟ್ ಬದಲಾಯಿಸಿ ಕೊಟ್ರು. ನಮ್ಮ ಕಡೆ ಬರೀ ಪ್ಲೇ ಆಗೋ ವಿಸಿಪಿ ಜಾಸ್ತಿ ಇದ್ವು, ಅದೂ ಸಾಕು, ರೆಕಾರ್ಡ್ ಬೇಕಿಲ್ಲ. ಒಂದು ನೋಡ್ಕೊಳ್ಳಿ, ಹಿಂದೆ ಹಳದಿ ಪಿನ್ ಔಟ್‌ಪುಟ್ ಇದ್ಯಾ ಅಂತ. ತೀರಾ ಹಳೇದರಲ್ಲಿ ಕೆಲವಕ್ಕೆ ಆಂಟೆನಾ ಥರದ ಆರ್‌ಎಫ್ ಔಟ್ ಒಂದೇ ಇರತ್ತೆ, ಅದು ಡಬ್ಬಿಗೆ ನೇರ ಹೋಗಲ್ಲ.

ತಂದ ಪ್ಲೇಯರ್‌ನಲ್ಲಿ ಮೊದಲು ಯಾವುದಾದ್ರೂ ಬೇಡದ ಕ್ಯಾಸೆಟ್ ಪೂರ್ತಿ ಓಡಿಸಿ. ಅದು ಟೇಪು ತಿನ್ನದೇ ಇದ್ರೆ ಮಾತ್ರ ಮನೆಯ ಕ್ಯಾಸೆಟ್ ಹತ್ರ ಬನ್ನಿ.

ಹೆಡ್ ಕ್ಲೀನಿಂಗ್ ಬಗ್ಗೆ ಬಿಡಿಸಿ ಹೇಳ್ತೀನಿ ಯಾಕಂದ್ರೆ ಇಲ್ಲೇ ತುಂಬಾ ಜನ ಪ್ಲೇಯರ್ ಹಾಳು ಮಾಡ್ಕೊಳ್ಳೋದು. ಕರೆಂಟ್ ಪ್ಲಗ್ ಕಿತ್ತು ಮೇಲಿನ ಮುಚ್ಚಳ ತೆಗೀರಿ, ಹೊಳೆಯೋ ದುಂಡನೆಯ ಡ್ರಮ್ ಕಾಣತ್ತೆ, ಓರೆಯಾಗಿ ಕೂತಿರತ್ತೆ. ಪ್ಲೇ ಆಗೋವಾಗ ಅದು ನಿಮಿಷಕ್ಕೆ 1500 ಸುತ್ತು ತಿರುಗತ್ತೆ, ಅದರ ಅಂಚಲ್ಲಿ ಸಾಸಿವೆಗಿಂತ ಚಿಕ್ಕ ಹೆಡ್‌ಗಳು. ನಾರು ಬಿಡದ ಬಟ್ಟೆ ಅಥವಾ ಬಿಳೀ ದಪ್ಪ ಕಾಗದದ ತುಂಡಿಗೆ 99 ಪರ್ಸೆಂಟ್ ಐಸೊಪ್ರೊಪೈಲ್ ಹಾಕಿ ಡ್ರಮ್ಮಿಗೆ ಮೆಲ್ಲಗೆ ಒತ್ತಿ ಹಿಡ್ಕೊಂಡಿರಿ, ಇನ್ನೊಂದು ಕೈಯಲ್ಲಿ ಡ್ರಮ್ ತಿರುಗಿಸಿ. ಕಾಗದ ಅಲ್ಲಾಡಬಾರದು, ಡ್ರಮ್ ತಿರುಗ್ಬೇಕು. ಮೇಲೆ ಕೆಳಗೆ ಉಜ್ಜಿದ್ರೆ ಹೆಡ್ ಮುರಿದೇ ಹೋಗತ್ತೆ. ಕಿವಿಗೆ ಹಾಕೋ ಹತ್ತಿಕಡ್ಡಿ ಇಲ್ಲಿ ಬೇಡ, ಹತ್ತಿಯ ಎಳೆ ಸಿಕ್ಕಾಕ್ಕೊಳತ್ತೆ. ಟೇಪು ಹಾದು ಹೋಗೋ ಕಂಬಗಳು, ಆಡಿಯೋ ಹೆಡ್ ಇವನ್ನೂ ಒರೆಸಿ. ರಬ್ಬರ್ ರೋಲರ್‌ಗೆ ಮಾತ್ರ ಆಲ್ಕೋಹಾಲ್ ಜಾಸ್ತಿ ಹಾಕ್ಬೇಡಿ, ರಬ್ಬರ್ ಒಣಗಿ ಬಿರುಕು ಬಿಡತ್ತೆ, ಒದ್ದೆ ಬಟ್ಟೆ ಸಾಕು. ಪೂರ್ತಿ ಒಣಗೋಕೆ ಅರ್ಧ ಗಂಟೆ ಬಿಟ್ಟು ಆಮೇಲೆ ಕರೆಂಟ್ ಕೊಡಿ. ಪ್ರತಿ ಎರಡು ಮೂರು ಕ್ಯಾಸೆಟ್‌ಗೆ ಒಂದ್ಸಲ ನಾನು ಹೀಗೆ ಮಾಡ್ತಿದ್ದೆ, ಅನುಮಾನದ ಕ್ಯಾಸೆಟ್ ಆದ್ಮೇಲಂತೂ ತಪ್ಪದೆ.

ಈಗ ಡಬ್ಬಿ

ಕೈಯಲ್ಲಿ ಹಿಡಿಯೋ ಅಷ್ಟಿರೋ ಪೆಟ್ಟಿಗೆ, ಚಿಕ್ಕ ಸ್ಕ್ರೀನ್, ಒಳಗೆ ಬ್ಯಾಟರಿ, ಪಕ್ಕದಲ್ಲಿ ಎಸ್‌ಡಿ ಕಾರ್ಡ್ ಸ್ಲಾಟ್, ಎವಿ ಇನ್‌ಪುಟ್, ಚಾರ್ಜ್ ಮಾಡೋಕೆ ಯುಎಸ್‌ಬಿ. ಕಂಪ್ಯೂಟರ್ ಬೇಕಾಗಿಲ್ಲ ಅನ್ನೋದೇ ಇದರ ದೊಡ್ಡ ಅನುಕೂಲ, ಅಜ್ಜಿ ಮನೇಲೇ ಟಿವಿ ಪಕ್ಕ ಇಟ್ಟು ಮಾಡ್ಬಹುದು. ಇದಲ್ದೆ ಯುಎಸ್‌ಬಿ ಕಡ್ಡಿ ಥರದ್ದು ಬರತ್ತೆ, ಅದನ್ನ ಲ್ಯಾಪ್‌ಟಾಪಿಗೆ ಚುಚ್ಚಿ ಒಬಿಎಸ್ ಅಥವಾ ವರ್ಚುಯಲ್‌ಡಬ್ ಥರ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಮಾಡೋದು. ಕ್ವಾಲಿಟಿ ಅದರಲ್ಲಿ ಜಾಸ್ತಿ ಬರಬಹುದು ಯಾಕಂದ್ರೆ ಏನೂ ಕಳ್ಕೊಳ್ಳದ ಹಾಗೆ (ಲಾಸ್‌ಲೆಸ್) ಕಂಪ್ರೆಸ್ ಮಾಡಿ ಇಟ್ಕೋಬಹುದು, ಗಂಟೆಗೆ 30 ಜಿಬಿ ಆಸುಪಾಸು ಜಾಗ ತಿನ್ನತ್ತೆ. ನಾನು ಹೆಚ್ಚಿನದನ್ನ ಡಬ್ಬೀಲೇ ಮಾಡಿ, ತಾತ ಇರೋ ಮೂರು ಕ್ಯಾಸೆಟ್ ಮಾತ್ರ ಲ್ಯಾಪ್‌ಟಾಪಲ್ಲಿ ಇನ್ನೊಂದ್ಸಲ ಮಾಡ್ಕೊಂಡೆ. ನಿಮ್ಮ ಹತ್ರಾನೂ ಪ್ರಾಣದಂಥ ಒಂದೆರಡು ಇದ್ರೆ ಹಾಗೇ ಮಾಡಿ.

ಡಬ್ಬಿ ತಗೊಳೋವಾಗ ಬಾಕ್ಸ್ ಮೇಲೆ 1080 ಅಂತ ದೊಡ್ಡದಾಗಿ ಬರೆದಿದ್ದಕ್ಕೆ ಬೆಲೆ ಕೊಡ್ಬೇಡಿ. ವಿಎಚ್‌ಎಸ್‌ನಲ್ಲಿ ಅಡ್ಡಕ್ಕೆ ಸುಮಾರು 240 ಗೆರೆಯಷ್ಟೇ ವಿವರ ಇರೋದು, ಅದನ್ನ ಎಷ್ಟು ಹಿಗ್ಗಿಸಿದ್ರೂ ಮುಖ ಸ್ಪಷ್ಟ ಆಗಲ್ಲ, ಫೈಲ್ ಮಾತ್ರ ದೊಡ್ಡದಾಗತ್ತೆ. ನೋಡ್ಬೇಕಾಗಿರೋದು ಎರಡು: ಮೆನುವಿನಲ್ಲಿ ಪಾಲ್ ಇರ್ಬೇಕು, 720 ಗುಣಿಸು 576ರಲ್ಲಿ ರೆಕಾರ್ಡ್ ಆಗ್ಬೇಕು. ನಮ್ಮ ದೇಶದ ಟಿವಿ ಪದ್ಧತಿ ಪಾಲ್, 625 ಗೆರೆ, ಅದರಲ್ಲಿ ಕಾಣೋದು 576, ಸೆಕೆಂಡಿಗೆ 25 ಫ್ರೇಮ್. ಡಬ್ಬಿ ತುಂಬಾ ಸಲ ಎನ್‌ಟಿಎಸ್‌ಸಿ (ಅಮೆರಿಕದ ಟಿವಿ ಪದ್ಧತಿ) ಅಂತ ಸೆಟ್ ಆಗಿ ಬರತ್ತೆ, ಆಗ ಚಿತ್ರ ಕಪ್ಪು ಬಿಳುಪಾಗತ್ತೆ ಅಥವಾ ಮೇಲಕ್ಕೆ ಉರುಳ್ತಾನೇ ಇರತ್ತೆ, ಕ್ಯಾಸೆಟ್ ಹಾಳಾಗಿದೆ ಅಂತ ಬೈಕೊಂಡು ಎತ್ತಿಟ್ಟುಬಿಡ್ಬೇಡಿ, ಮೊದಲು ಮೆನು ನೋಡಿ.

ಇದರ ಉಲ್ಟಾ ಕೇಸೂ ಇದೆ. ಅಮೆರಿಕದಲ್ಲಿರೋ ನೆಂಟರು ತಂದುಕೊಟ್ಟ ಅಥವಾ ಅಲ್ಲಿನ ಕ್ಯಾಮೆರಾದಲ್ಲಿ ತೆಗೆದ ಕ್ಯಾಸೆಟ್ ಎನ್‌ಟಿಎಸ್‌ಸಿ ಇರತ್ತೆ. ನಮ್ಮ ಪ್ಲೇಯರ್‌ನಲ್ಲಿ ಓಡಿ ಟಿವಿಯಲ್ಲಿ ಚೆನ್ನಾಗೇ ಕಾಣಬಹುದು, ಆದ್ರೆ ಕೆಲವು ಪ್ಲೇಯರ್ ಅದನ್ನ ಪಾಲೂ ಅಲ್ಲದ ಎನ್‌ಟಿಎಸ್‌ಸಿಯೂ ಅಲ್ಲದ ಒಂದು ನಡುವಿನ ಸಿಗ್ನಲ್ ಮಾಡಿ ಕಳಿಸತ್ತೆ, ಅದು ತುಂಬಾ ಡಬ್ಬಿಗಳಿಗೆ ಅರ್ಥ ಆಗಲ್ಲ. ಅದಕ್ಕೆ ನಿಜವಾದ ಎನ್‌ಟಿಎಸ್‌ಸಿ ಔಟ್ ಕೊಡೋ ಮಲ್ಟಿಸಿಸ್ಟಮ್ ವಿಸಿಆರ್ ಬೇಕು.

ಕೇಬಲ್ ಸುಲಭ. ಹಳದಿ ಚಿತ್ರಕ್ಕೆ, ಬಿಳಿ ಕೆಂಪು ಸೌಂಡ್‌ಗೆ. ಪ್ಲೇಯರ್‌ನ ಔಟ್‌ನಿಂದ ಡಬ್ಬಿಯ ಇನ್‌ಗೆ. ಎಷ್ಟೋ ವಿಸಿಪಿಗಳಲ್ಲಿ ಸೌಂಡ್ ಒಂದೇ ಪಿನ್ ಇರತ್ತೆ, ಅದನ್ನ ಬಿಳಿಗೆ ಹಾಕಿದ್ರೆ ಒಂದೇ ಕಿವಿಗೆ ಕೇಳಿಸತ್ತೆ, ಹತ್ತಿಪ್ಪತ್ತು ರೂಪಾಯಿಯ ವೈ ಕನೆಕ್ಟರ್ ಹಾಕಿ ಎರಡಕ್ಕೂ ಕೊಡಿ. ಕೇಬಲ್ ಆದಷ್ಟು ಗಿಡ್ಡ ಇರ್ಲಿ, ಹಳೇ ಡಿವಿಡಿ ಜೊತೆ ಬಂದ ತೆಳ್ಳನೆ ವೈರ್ ಬದಲು ಸ್ವಲ್ಪ ದಪ್ಪದ್ದು ತಗೊಳ್ಳಿ. ಎಸ್ ವಿಡಿಯೋ ಸಾಕೆಟ್ ಇರೋ ಪ್ಲೇಯರ್ ಅಥವಾ ಹ್ಯಾಂಡಿಕ್ಯಾಮ್ ಸಿಕ್ಕಿ ಡಬ್ಬಿಗೂ ಅದಿದ್ರೆ ಹಳದಿ ಬದಲು ಅದನ್ನೇ ಹಾಕಿ, ಅದರಲ್ಲಿ ಬೆಳಕು ಬಣ್ಣ ಎರಡೂ ಬೇರೆ ಬೇರೆ ತಂತಿಯಲ್ಲಿ ಬರತ್ತೆ, ಅಂಚುಗಳಲ್ಲಿ ಬಣ್ಣ ಕಲಸಲ್ಲ.

ಇನ್ನು ಒಂದು ಸೂಕ್ಷ್ಮ ನಂಗೆ ತಡವಾಗಿ ಗೊತ್ತಾಗಿದ್ದು: ಡಬ್ಬಿಗೆ ಚಾರ್ಜರ್ ಹಾಕ್ಕೊಂಡೇ ರೆಕಾರ್ಡ್ ಮಾಡಿದ್ರೆ ಕೆಲವು ಸಲ ಸೌಂಡಲ್ಲಿ ಗುಂಯ್ ಅಂತ ಬರತ್ತೆ, ಚಿತ್ರದಲ್ಲಿ ತೆಳು ಪಟ್ಟಿ ನಿಧಾನಕ್ಕೆ ಏರತ್ತೆ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿದೆ, ಪೂರ್ತಿ ಹೋಯ್ತು. ಬ್ಯಾಟರಿ ಮೂರು ಗಂಟೆ ಬರದೇ ಇದ್ರೆ ಪವರ್ ಬ್ಯಾಂಕ್ ಹಾಕಿ, ಅದು ಗೋಡೆಯ ಕರೆಂಟಿಗೆ ಸೇರಿಲ್ವಲ್ಲ, ಆ ಸದ್ದು ಬರಲ್ಲ.

ಕರೆಂಟ್ ವಿಷಯ ಬಂತು ಅಂತ ಹೇಳ್ತೀನಿ, ವಿಸಿಆರ್‌ಗೆ ಬ್ಯಾಟರಿ ಇಲ್ಲ. ಮಧ್ಯದಲ್ಲಿ ಕರೆಂಟ್ ಹೋದ್ರೆ ಟೇಪು ಡ್ರಮ್ಮಿಗೆ ಸುತ್ತಿಕೊಂಡ ಹಾಗೇ ನಿಂತಿರತ್ತೆ. ಎಳೀಬೇಡಿ. ಕರೆಂಟ್ ಬಂದ ಮೇಲೆ ಅದೇ ಬಿಚ್ಕೊಂಡು ಕ್ಯಾಸೆಟ್ ಒಳಗೆ ಹೋಗತ್ತೆ. ಇನ್ವರ್ಟರ್ ಮೇಲೆ ನಡೆಸ್ತೀನಿ ಅಂದ್ರೆ ಸೈನ್ ವೇವ್ ಇರ್ಬೇಕು, ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಚಿತ್ರದಲ್ಲಿ ಗೆರೆ ಬರತ್ತೆ.

ಎಸ್‌ಡಿ ಕಾರ್ಡ್ ಒಳ್ಳೇ ಕಂಪನಿದು 32 ಜಿಬಿ ಸಾಕು, ಕಾರ್ಡನ್ನ ಆ ಡಬ್ಬಿಯಲ್ಲೇ ಫಾರ್ಮ್ಯಾಟ್ ಮಾಡಿ. ಸೆಕೆಂಡಿಗೆ 6 ಮೆಗಾಬಿಟ್‌ನಲ್ಲಿ ರೆಕಾರ್ಡ್ ಆದ್ರೆ ಗಂಟೆಗೆ 2.7 ಜಿಬಿ ಆಗತ್ತೆ ಲೆಕ್ಕ. ಕ್ವಾಲಿಟಿ ಆಯ್ಕೆ ಇದ್ರೆ ಇರೋದರಲ್ಲಿ ಹೆಚ್ಚಿಂದೇ ಹಾಕಿ. ಫ್ಯಾಟ್32 ಅನ್ನೋ ಪದ್ಧತೀಲಿ ಫಾರ್ಮ್ಯಾಟ್ ಆದ ಕಾರ್ಡಲ್ಲಿ ಒಂದು ಫೈಲ್ 4 ಜಿಬಿ ಮೀರೋ ಹಾಗಿಲ್ಲ, ಅದಕ್ಕೇ ದೊಡ್ಡ ಕ್ಯಾಸೆಟ್ ಎರಡು ಮೂರು ಫೈಲ್ ಆಗಿ ತುಂಡಾಗತ್ತೆ, ಗಾಬರಿ ಬೇಡ, ಆಮೇಲೆ ಸೇರಿಸ್ಬಹುದು. ಆದ್ರೆ ತುಂಡಾಗೋ ಜಾಗದಲ್ಲಿ ಒಂದೆರಡು ಸೆಕೆಂಡ್ ಹಾರಿಸತ್ತಾ ಅಂತ ಮೊದಲೇ ಟೆಸ್ಟ್ ಮಾಡಿ ನೋಡಿ, ಕೆಲವು ಡಬ್ಬಿ ಹಾರಿಸತ್ತೆ.

ರೆಕಾರ್ಡ್ ಮಾಡೋ ದಿನ

ಕ್ಯಾಸೆಟ್‌ನ ಹಿಂದಿನ ದಿನಾನೇ ಪ್ಲೇಯರ್ ಇರೋ ರೂಮಲ್ಲಿ ತಂದಿಡಿ, ತಣ್ಣಗಿನ ಜಾಗದಿಂದ ಬೆಚ್ಚಗಿನ ಜಾಗಕ್ಕೆ ಬಂದ ಕೂಡ್ಲೇ ಹಾಕಿದ್ರೆ ಒಳಗೆ ಪಸೆ ಕೂತು ಟೇಪು ಡ್ರಮ್ಮಿಗೆ ಅಂಟ್ಕೊಳತ್ತೆ. ಬೂಷ್ಟಿಲ್ಲ ಅಂತ ಖಾತ್ರಿ ಆದ ಮೇಲೆ ಒಂದು ಸಲ ಕೊನೇವರೆಗೆ ಫಾರ್ವರ್ಡ್ ಮಾಡಿ ವಾಪಸ್ ರಿವೈಂಡ್ ಮಾಡಿ, ವರ್ಷಗಟ್ಟಲೆ ಸುತ್ತಿಕೊಂಡೇ ಬಿದ್ದಿದ್ದ ಟೇಪು ಸಡಿಲ ಆಗಿ ಒಂದೇ ಬಿಗಿಗೆ ಬರತ್ತೆ.

ಆಮೇಲೆ ಪ್ಲೇ. ಮೊದಲ ಐದು ನಿಮಿಷ ರೆಕಾರ್ಡ್ ಮಾಡದೆ ನೋಡಿ. ಕೆಳಗಡೆ ಅಥವಾ ಮಧ್ಯದಲ್ಲಿ ಬಿಳೀ ಪಟ್ಟಿ ಕುಣೀತಿದ್ರೆ ಟ್ರ್ಯಾಕಿಂಗ್ ಬಟನ್ ಒತ್ತುತ್ತಾ ಒತ್ತುತ್ತಾ ಸರಿ ಮಾಡಿ. ಆಟೋ ಟ್ರ್ಯಾಕಿಂಗ್ ನಂಬ್ಬೇಡಿ, ಕಣ್ಣಲ್ಲಿ ನೋಡಿ. ಚಿತ್ರದ ತೀರಾ ಕೆಳಗೆ ಒಂದು ಬೆರಳಷ್ಟು ಹರಿದ ಹಾಗೆ ಕಾಣೋ ಗೆರೆ ಮಾತ್ರ ಎಲ್ಲಾ ಕ್ಯಾಸೆಟ್‌ನಲ್ಲೂ ಇರತ್ತೆ, ಹಳೇ ಟಿವಿಯ ಅಂಚಲ್ಲಿ ಅದು ಮುಚ್ಚಿಹೋಗ್ತಿತ್ತು ಅಷ್ಟೇ, ಅದನ್ನ ಸರಿ ಮಾಡೋಕೆ ಹೋಗಿ ಉಳಿದಿದ್ದು ಕೆಡಿಸ್ಕೋಬೇಡಿ. ಪ್ಲೇಯರ್ ಸ್ಕ್ರೀನ್ ಮೇಲೆ ಪ್ಲೇ ಅಂತ ಅಕ್ಷರ ತೋರಿಸ್ತಿದ್ರೆ ರಿಮೋಟ್‌ನಲ್ಲಿ ಆಫ್ ಮಾಡಿ. ಎಲ್ಲಾ ಸರಿ ಅನ್ಸಿದ ಮೇಲೆ ಮೊದಲಿಗೆ ರಿವೈಂಡ್ ಮಾಡಿ, ಡಬ್ಬಿಯಲ್ಲಿ ರೆಕಾರ್ಡ್ ಒತ್ತಿ, ಆಮೇಲೆ ಪ್ಲೇ ಒತ್ತಿ. ಈ ಕ್ರಮದಲ್ಲೇ. ಎಷ್ಟೋ ಕ್ಯಾಸೆಟ್‌ನಲ್ಲಿ ಮೊದಲ ಸೆಕೆಂಡಿಂದಾನೇ ಏನೋ ಇರತ್ತೆ.

ಚಿತ್ರ ಇದ್ದಕ್ಕಿದ್ದ ಹಾಗೆ ನೀಲಿ ಆಗಿ ರೆಕಾರ್ಡಿಂಗ್ ನಿಂತು ಮತ್ತೆ ಬರ್ತಿದ್ರೆ ಸವೆದ ಟೇಪಿನ ಸಿಗ್ನಲ್ ಅಲ್ಲಾಡ್ತಿದೆ ಅಂತ, ಟಿವಿ ಹೇಗೋ ಸಹಿಸ್ಕೊಂಡು ತೋರಿಸತ್ತೆ, ಡಬ್ಬಿಗೆ ಆ ಸಹನೆ ಇಲ್ಲ. ಇದಕ್ಕೆ ಟೈಮ್ ಬೇಸ್ ಕರೆಕ್ಟರ್ ಅಂತ ಉಪಕರಣ ಇದೆ, ದುಬಾರಿ. ನಾನು ಮಾಡಿದ್ದು ಒಂದು ಹಳೇ ಡಿವಿಡಿ ರೆಕಾರ್ಡರ್, ಪ್ಲೇಯರ್ ಅಲ್ಲ ರೆಕಾರ್ಡರ್, ಅದನ್ನ ಮಧ್ಯೆ ಹಾಕಿದ್ದು. ವಿಸಿಆರ್‌ನಿಂದ ಅದಕ್ಕೆ, ಅದರಿಂದ ಡಬ್ಬಿಗೆ. ಕೆಲವು ಮಾಡೆಲ್‌ಗಳು ಸಿಗ್ನಲ್ಲನ್ನ ಹಾದಿಯಲ್ಲೇ ನೇರ ಮಾಡಿ ಕಳಿಸ್ತವೆ, ನಮ್ಮ ಎರಡು ಕ್ಯಾಸೆಟ್ ಹೀಗೇ ಉಳಿದಿದ್ದು. ಅಂಗಡಿಯಿಂದ ಕೊಂಡ ಸಿನಿಮಾ ಕ್ಯಾಸೆಟ್ಟಲ್ಲಿ ಚಿತ್ರ ಒಮ್ಮೆ ಬೆಳ್ಳಗೆ ಒಮ್ಮೆ ಮಬ್ಬಾಗಿ ಬಂದ್ರೆ ಅದು ಕಾಪಿ ಆಗಬಾರದು ಅಂತಾನೇ ಹಾಕಿರೋ ಲಾಕ್, ಅದರ ಹಕ್ಕೂ ಬೇರೆಯವರದ್ದು, ಅದನ್ನ ಬಿಟ್ಟು ಮನೆ ಕ್ಯಾಸೆಟ್ ಮಾಡ್ಕೊಳ್ಳಿ.

ಮೂರು ಗಂಟೆ ಕ್ಯಾಸೆಟ್‌ಗೆ ಮೂರು ಗಂಟೆ ಬೇಕು, ಬೇಗ ಮಾಡೋ ದಾರಿ ಇಲ್ಲ. ಸುಮ್ಮನೆ ಓಡಿಸಿ ಎದ್ದು ಹೋಗ್ಬೇಡಿ, ಒಂದು, ಟೇಪು ಸಿಕ್ಕಾಕ್ಕೊಳೋದಕ್ಕೆ ಕಾವಲು ಬೇಕು, ಇನ್ನೊಂದು ಅದಕ್ಕಿಂತ ಮುಖ್ಯ. ನಾನು ಮದುವೆ ಕ್ಯಾಸೆಟ್ ಹಾಕಿದ ದಿನ ದೊಡ್ಡಮ್ಮ ಮನೆಗೆ ಬಂದಿದ್ರು, ಕಾಫಿ ಕುಡೀತಾ ಟಿವಿ ನೋಡ್ತಿದ್ದವರು ಒಂದೇ ಸಲ "ನಿಲ್ಸು ನಿಲ್ಸು, ಅಲ್ಲಿ ಕಂಬದ ಹತ್ರ ನಿಂತಿರೋರು ನಮ್ಮ ಸೋದರಮಾವ ಕಣೋ, ಅವರದ್ದು ಒಂದು ಫೋಟೋನೂ ಇಲ್ಲ ಯಾರ ಮನೇಲೂ" ಅಂದ್ರು. ಆಮೇಲಿಂದ ಪ್ರತಿ ಕ್ಯಾಸೆಟ್‌ಗೂ ಮನೆಯ ಹಿರಿಯರನ್ನ ಒಬ್ಬರನ್ನಾದ್ರೂ ಕೂರಿಸ್ಕೊಂಡೆ, ಮೊಬೈಲ್‌ನಲ್ಲಿ ವಾಯ್ಸ್ ರೆಕಾರ್ಡರ್ ಆನ್ ಮಾಡಿ ಟೀಪಾಯ್ ಮೇಲೆ ಇಟ್ಟೆ. ಅವರು ಯಾರ್ಯಾರು ಅಂತ ಹೇಳ್ತಾ ಹೋಗ್ತಾರೆ, ಯಾವ ಊರು, ಯಾರ ಮಗಳು, ಯಾಕೆ ಆ ಮದುವೆಗೆ ಬಂದು ಊಟ ಮಾಡದೆ ಹೋದ್ರು ಅಂತೆಲ್ಲ. ನೀವು ನಿಲ್ಲಿಸೋದು ಬೇಡ, ಟೇಪು ಓಡ್ತಾನೇ ಇರ್ಲಿ, ಪಾಜ್‌ನಲ್ಲಿ ಜಾಸ್ತಿ ಹೊತ್ತು ಇಟ್ರೆ ಹೆಡ್ ಒಂದೇ ಜಾಗ ಉಜ್ಜತ್ತೆ. ಎರಡೂ ಒಂದೇ ಹೊತ್ತಿಗೆ ಶುರು ಮಾಡಿದ್ರೆ ನಿಮಿಷ ಹೊಂದಿಸ್ಕೊಂಡು ಆಮೇಲೆ ಹೆಸರು ಬರ್ಕೋಬಹುದು. ಈ ಇಡೀ ಕೆಲಸದಲ್ಲಿ ನಂಗೆ ಸಿಕ್ಕ ದೊಡ್ಡ ಆಸ್ತಿ ಈ ಆಡಿಯೋ ಫೈಲುಗಳು.

ಮದುವೆ ಕ್ಯಾಸೆಟ್ ಬಗ್ಗೆ ಇನ್ನೊಂದು. 80, 90ರ ದಶಕದಲ್ಲಿ ಸ್ಟುಡಿಯೋದವರು ಮಿಕ್ಸಿಂಗ್ ಮಾಡಿ ಕೊಡೋವಾಗ ಉದ್ದಕ್ಕೂ ಸಿನಿಮಾ ಹಾಡು ಹಾಕ್ತಿದ್ರು, ವಾಲಗ, ಸೋಬಾನೆ, ಜನರ ಮಾತು ಎಲ್ಲಾ ಆ ಹಾಡಿನ ಕೆಳಗೆ ಹೋಗ್ಬಿಡ್ತಿತ್ತು. ಆದ್ರೆ ಕೆಲವು ಮನೇಲಿ ಮಿಕ್ಸಿಂಗ್‌ಗೆ ಮುಂಚಿನ ಕ್ಯಾಸೆಟ್ಟೂ ಇರತ್ತೆ, ಲೇಬಲ್ ಇಲ್ಲದೆ ಬಿದ್ದಿರತ್ತೆ. ನಮ್ಮಲ್ಲಿ ಹಾಗೆ ಒಂದು ಸಿಕ್ತು, ಅದರಲ್ಲಿ ಅಜ್ಜಿ ಸೋಬಾನೆ ಹೇಳೋದು ಪೂರ್ತಿ ಇದೆ. ಹಾಗಾಗಿ ಲೇಬಲ್ ಇಲ್ಲದ ಕ್ಯಾಸೆಟ್‌ನ ಮೊದಲು ನೋಡಿ. ಹಾಡು ಹಾಕಿರೋದನ್ನ ಯೂಟ್ಯೂಬಿಗೆ ಹಾಕಿದ್ರೆ ಕಾಪಿರೈಟ್ ನೋಟಿಸ್ ಬರತ್ತೆ, ಡ್ರೈವ್‌ನಲ್ಲಿ ಮನೆಯವರಿಗೆ ಮಾತ್ರ ಹಂಚ್ಕೊಳ್ಳಿ.

ಚಿಕ್ಕ ಕ್ಯಾಸೆಟ್‌ಗಳು

ವಿಡಿಯೋ8, ಹೈ8 ಕ್ಯಾಸೆಟ್ ಇದ್ರೆ ಅದೇ ಜಾತಿಯ ಹ್ಯಾಂಡಿಕ್ಯಾಮ್ ಬೇಕು, ಅದರ ಎವಿ ಔಟ್‌ನಿಂದ ಇದೇ ಡಬ್ಬಿಗೆ ಹಾಕ್ಬಹುದು, ಬ್ಯಾಟರಿ ಸತ್ತಿರತ್ತೆ, ಅಡಾಪ್ಟರ್ ಹುಡುಕಿ. ವಿಎಚ್‌ಎಸ್ ಸಿ ಅನ್ನೋ ಪುಟಾಣಿ ಕ್ಯಾಸೆಟ್ಟಿಗೆ ದೊಡ್ಡ ಕ್ಯಾಸೆಟ್ ಆಕಾರದ ಅಡಾಪ್ಟರ್ ಬರತ್ತೆ. ಆದ್ರೆ ಮಿನಿಡಿವಿ ಮತ್ತೆ ಡಿಜಿಟಲ್8ಅನ್ನ ಈ ಡಬ್ಬಿಗೆ ಹಾಕ್ಬೇಡಿ. ಅದರಲ್ಲಿರೋದು ಆಗಲೇ ಡಿಜಿಟಲ್, ಫೈರ್‌ವೈರ್ ಕೇಬಲ್‌ನಲ್ಲಿ ತೆಗೆದ್ರೆ ಒಂದು ಚುಕ್ಕೆನೂ ಬದಲಾಗದೆ ಹಾಗೇ ಬರತ್ತೆ. ನಮ್ಮ ಮನೇಲಿ 1993ರ ಮಹಾಮಸ್ತಕಾಭಿಷೇಕ ವಿಎಚ್‌ಎಸ್, 2006ರದ್ದು ಮಿನಿಡಿವಿ, 2018ರದ್ದು ಮೊಬೈಲ್‌ನಲ್ಲಿದೆ, ಮೂರನ್ನೂ ಮೂರು ರೀತಿ ತೆಗೀಬೇಕಾಯ್ತು.

ಆದ್ಮೇಲೆ

ಕಾರ್ಡಿನಿಂದ ಕಂಪ್ಯೂಟರಿಗೆ ಹಾಕಿದ ಫೈಲನ್ನ ಹಾಗೇ ಇಟ್ಕೊಳ್ಳಿ, ಅದೇ ಮೂಲ. ಎಡಿಟ್ ಮಾಡೋದೆಲ್ಲಾ ಅದರ ಕಾಪಿ ಮೇಲೆ. ಮುಂದೆ ಹಿಂದೆ ಖಾಲಿ ಇರೋದು ಕತ್ತರಿಸೋಕೆ, ತುಂಡಾದ ಫೈಲ್ ಸೇರಿಸೋಕೆ ಲಾಸ್‌ಲೆಸ್‌ಕಟ್ ಅನ್ನೋ ಫ್ರೀ ಸಾಫ್ಟ್‌ವೇರ್ ಸಾಕು, ಅದು ಮತ್ತೆ ಕಂಪ್ರೆಸ್ ಮಾಡಲ್ಲ. ಜನ ಓಡಾಡೋವಾಗ ಅಂಚಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಕಂಡ್ರೆ ಅದು ದೋಷ ಅಲ್ಲ, ಪಾಲ್ ಟಿವಿ ಒಂದು ಫ್ರೇಮನ್ನ ಎರಡು ಅರ್ಧ ಮಾಡಿ ಸೆಕೆಂಡಿಗೆ 50 ಅರ್ಧ ತೋರಿಸ್ತಿತ್ತು, ಅದು. ಮೊಬೈಲ್‌ನಲ್ಲಿ ನೋಡೋ ಕಾಪಿಗೆ ಹ್ಯಾಂಡ್‌ಬ್ರೇಕ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಡಿಇಂಟರ್‌ಲೇಸ್ (ಆ ಎರಡು ಅರ್ಧ ಬಿಡಿಸೋ ಆಯ್ಕೆ) ಹಾಕಿ, ಬಾಬ್ ಅಂತ ಆಯ್ಕೆ ಇರತ್ತೆ, ಅದು ತಗೊಂಡು 50 ಫ್ರೇಮ್ ಇಟ್ರೆ ನಡಿಗೆ ಎಷ್ಟು ನಯವಾಗಿ ಕಾಣತ್ತೆ ಅಂದ್ರೆ ಹಳೇ ಟಿವಿಯಲ್ಲಿ ಕಂಡ ಹಾಗೇ.

ಇನ್ನು ಆಕಾರ. ಈ ಚಿತ್ರಗಳೆಲ್ಲಾ 4:3. ಒಂದು ಕಡೆ ನಮ್ಮ ನೆಂಟರೊಬ್ಬರು ದುಡ್ಡು ಕೊಟ್ಟು ಮಾಡಿಸಿದ್ರಲ್ಲಿ ಈಗಿನ ಟಿವಿ ತುಂಬ್ಲಿ ಅಂತ ಅಗಲ ಎಳೆದಿದ್ರು, ಮದುವೆ ಹೆಣ್ಣಿನ ಮುಖಾನೇ ಬೇರೆಯವರ ಹಾಗಿದೆ. ಎರಡು ಪಕ್ಕ ಕಪ್ಪು ಪಟ್ಟಿ ಬಂದ್ರೆ ಬರ್ಲಿ, ಎಳೀಬೇಡಿ.

ಫೈಲಿಗೆ ಹೆಸರು ಇಡೋವಾಗ ವರ್ಷ ಮೊದಲು, ತಿಂಗಳು, ಆಮೇಲೆ ಏನು ಎಲ್ಲಿ, ಹಾಗಿಟ್ರೆ ಕಾಲಕ್ರಮದಲ್ಲಿ ತಾನೇ ಜೋಡಿಸ್ಕೊಳತ್ತೆ. ಕ್ಯಾಸೆಟ್ ಮೇಲೆ ಒಂದು ನಂಬರ್ ಬರೆದು ಅದೇ ನಂಬರ್ ಫೈಲ್ ಹೆಸರಲ್ಲೂ ಹಾಕಿ. ಹಾಗೇ ಲೇಬಲ್ ಫೋಟೋ ತೆಗೆದು ಅದೇ ಫೋಲ್ಡರಲ್ಲಿ ಇಡಿ, ನಮ್ಮದರಲ್ಲಿ ಲೇಬಲ್ ಮೇಲೆ ತಾತನ ಕೈಬರಹ ಇದೆ. ಎರಡು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ಒಂದು ನಿಮ್ಮ ಮನೇಲಿ, ಇನ್ನೊಂದು ಬೇರೆ ಊರಲ್ಲಿರೋ ಅಕ್ಕನೋ ತಮ್ಮನೋ ಅವರ ಮನೇಲಿ. ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ದು ಕಾಪಿ ಅಂತ ಲೆಕ್ಕ ಇಡ್ಬೇಡಿ, ಅದು ಹಿಂಡಿ ಹಿಪ್ಪೆ ಮಾಡಿ ಕಳಿಸತ್ತೆ.

ಕ್ಯಾಸೆಟ್ ಬಿಸಾಕ್ಬೇಡಿ. ಕೊನೇವರೆಗೆ ಓಡಿಸಿ, ಅರ್ಧದಲ್ಲಿ ನಿಲ್ಲಿಸದೆ, ಪೂರ್ತಿ ಒಂದು ಕಡೆಗೆ ಸುತ್ತಿ, ಪುಸ್ತಕದ ಹಾಗೆ ನಿಲ್ಲಿಸಿ, ಸಿಲಿಕಾ ಜೆಲ್ ಡಬ್ಬಿಯಲ್ಲಿ ಇಟ್ಟು ಸ್ಪೀಕರಿಂದ ದೂರ ಇಡಿ. ಮಳೆಗಾಲ ಮುಗಿದ ಮೇಲೆ ಜೆಲ್ ಬದಲಾಯಿಸಿ. ನಾನು ನಮ್ಮವನ್ನ ಮತ್ತೆ ಆ ಅಟ್ಟಕ್ಕೆ ಕಳಿಸಿಲ್ಲ, ಹಾಸನದಲ್ಲೇ ಬೀರುವಿನ ನಡುವಿನ ಅರೆಯಲ್ಲಿ ಇದಾವೆ, ಆ ನಾಲ್ಕು ಬೂಷ್ಟು ಹಿಡಿದಿರೋವು ಕೆಳಗಿನ ಅರೆಯಲ್ಲಿ ಬೇರೆ ಡಬ್ಬಿಯಲ್ಲಿ.